ಕ್ಯೂಆರ್ ಚೀಟಿಗೆ ಇಟ್ಟ ಕುಂಕುಮ

'ನಿರ್ಲಕ್ಷ್ಯ' ಅಂತ ಒತ್ತಿ ಮುಗಿಸಿಬಿಡು ಎಂದು ಆ ಬೆಳಗ್ಗೆ ನನಗೆ ಹೇಳಿದವರು ಮೂವರು: ನಾನು ಕೆಲಸ ಮಾಡುವ ಸೆಕ್ಯೂರಿಟಿ ಏಜೆನ್ಸಿಯ ಮಾಲೀಕರು, ನಮಗೆ ಹೊಸ ಸಾಫ್ಟ್‌ವೇರ್ ಕೊಟ್ಟ ಕಂಪನಿಯ ಪ್ರತಿನಿಧಿ, ಮತ್ತು ನಮ್ಮ ಗಾರ್ಡುಗಳು ಕಾಯುವ ಒಂದು ಬನಿಯನ್ ಕಂಪನಿಯ ಮ್ಯಾನೇಜರು. ಮೂವರೂ ಕೆಟ್ಟವರೇನಲ್ಲ. ಅವಸರದಲ್ಲಿದ್ದರು, ಅಷ್ಟೆ. ನಾನು ಒತ್ತಲಿಲ್ಲ. ಯಾಕೆ ಹಾಗೆ ಹಟ ಹಿಡಿದೆ ಎಂದು ಆಮೇಲೆ ಬಹಳ ಜನ ಕೇಳಿದರು, ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳಿದ್ದೇನೆ. ಪೂರ್ತಿಯಾಗಿ ಹೇಳುತ್ತಿರುವುದು ಇಲ್ಲೇ.

ನಮ್ಮ ಆಫೀಸು ಕೊಯಮತ್ತೂರಿನ ಪೀಳಮೇಡಿನಲ್ಲಿದೆ. ಯಾವ ಗಾರ್ಡು ಯಾವ ಗೇಟಿನಲ್ಲಿ, ಯಾವ ಪಾಳಿಯಲ್ಲಿ ಇರಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಮೊದಲು ಇದೆಲ್ಲ ಫೋನಿನ ಮೇಲೆ ನಡೆಯುತ್ತಿತ್ತು. ಪಾಳಿ ಬದಲಾಗುವ ಹೊತ್ತಿಗೆ ಪ್ರತಿ ಗೇಟಿಗೂ ಫೋನ್ ಮಾಡಿ, "ಬಂದರಾ? ಯಾರು ಬಂದರು? ಯಾರು ಬಂದಿಲ್ಲ?" ಎಂದು ಕೇಳಿ ಗಂಟಲು ಕಟ್ಟಿಹೋಗುತ್ತಿತ್ತು. ಹಾಗಾಗಿ ಎಲ್ಲವನ್ನೂ ಕ್ಲೌಡ್ ಸಾಫ್ಟ್‌ವೇರಿಗೆ ಹಾಕೋಣ ಎಂದು ಮಾಲೀಕರು ಹೇಳಿದಾಗ ಆಫೀಸಿನಲ್ಲಿ ಮೊದಲು ಹೂಂ ಎಂದವಳು ನಾನೇ. ನಾನು ಸಾಫ್ಟ್‌ವೇರಿನ ಶತ್ರು ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು.

ವ್ಯವಸ್ಥೆ ಸರಳವಾಗಿತ್ತು. ಪ್ರತಿ ಗೇಟಿಗೂ ಏಜೆನ್ಸಿಯದೇ ಒಂದು ಫೋನ್. ಗಾರ್ಡು ಡ್ಯೂಟಿಗೆ ಬಂದಾಗ ಅದರ ಮುಂದೆ ಮುಖ ಹಿಡಿಯಬೇಕು, ಹಾಜರಿ ಬೀಳುತ್ತದೆ. ಕಾಂಪೌಂಡಿನೊಳಗೆ ಅಲ್ಲಲ್ಲಿ ಗೋಡೆಗೆ ಕ್ಯೂಆರ್ ಚೀಟಿ ಅಂಟಿಸಿರುತ್ತೇವೆ. ಸುತ್ತು ಹೊಡೆಯುವಾಗ ಒಂದೊಂದು ಚೀಟಿಯನ್ನೂ ಆ ಫೋನಿನಿಂದ ಸ್ಕ್ಯಾನ್ ಮಾಡಿದರೆ ಸುತ್ತು ಮುಗಿದ ಲೆಕ್ಕ. ಅದನ್ನು ನಮ್ಮ ಕಂಪ್ಯೂಟರಿನಲ್ಲೂ ನೋಡಬಹುದು, ಕಾರ್ಖಾನೆಯವರೂ ತಮ್ಮ ಕಂಪ್ಯೂಟರಿನಲ್ಲಿ ನೋಡಬಹುದು. ಆಗಿದ್ದು ಹಸಿರು, ಆಗದ್ದು ಕೆಂಪು. ಸತತವಾಗಿ ಸುತ್ತು ತಪ್ಪಿದರೆ ಗಾರ್ಡಿನ ಹೆಸರು ತಾನಾಗಿಯೇ ತಡೆಹಿಡಿಯಲ್ಪಡುತ್ತದೆ. ಆಮೇಲೆ ನಾನು ಒಂದು ಕಾರಣ ಆರಿಸಿ ಒತ್ತುವ ತನಕ ಅವರು ಮುಖ ತೋರಿಸಿದರೂ ಹಾಜರಿ ಬೀಳುವುದಿಲ್ಲ. ಈ ತಾನಾಗಿ ತಡೆಹಿಡಿಯುವ ನಿಯಮ ಬೇಡ ಎಂದು ನಾನು ಮೊದಲೇ ಹೇಳಿದ್ದೆ. ಕಾರ್ಖಾನೆಯವರಿಗೆ ಅದೇ ಇಷ್ಟ ಎಂದು ಮಾಲೀಕರು ಇಟ್ಟುಕೊಂಡರು.

ಶುರುವಿನ ತಿಂಗಳುಗಳಲ್ಲಿ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಒಂದು ನೂಲಿನ ಮಿಲ್ಲಿನಲ್ಲಿ, ಗಾರ್ಡು ಜಾಗದಲ್ಲೇ ಇದ್ದಾರೆಂದು ಸಾಫ್ಟ್‌ವೇರಿಗೆ ತಿಳಿಯಲು ನಕ್ಷೆಯ ಮೇಲೆ ಎಳೆದ ವೃತ್ತದಿಂದ ಗೇಟೇ ಹೊರಗುಳಿದು, ಗೇಟಿನಲ್ಲಿ ನಿಂತಿದ್ದ ಗಾರ್ಡು 'ಸ್ಥಳದಲ್ಲಿಲ್ಲ' ಎಂದು ಬಂತು. ವೃತ್ತ ಅಳಿಸಿ, ಕಾಂಪೌಂಡ್ ಗೋಡೆಯ ಉದ್ದಕ್ಕೂ ನಡೆದು ಹೊಸ ಗಡಿ ಹಾಕಿದೆ. ತೊಂಡಾಮುತ್ತೂರಿನ ಒಂದು ಗೋದಾಮಿನಲ್ಲಿ ಬೆಟ್ಟದ ನೆರಳಿಗೆ ಸಿಗ್ನಲ್ ಸಿಗದು. ಮಾಡಿದ ಸುತ್ತೆಲ್ಲ ಫೋನಿನಲ್ಲೇ ಕೂತಿದ್ದು ಸಿಗ್ನಲ್ ಬಂದಾಗ ಒಟ್ಟಿಗೆ ಹೋಗುತ್ತಿತ್ತು, ಸಾಫ್ಟ್‌ವೇರ್ ಎಲ್ಲವನ್ನೂ 'ತಡ' ಎನ್ನುತ್ತಿತ್ತು. ತಲುಪಿದ ಹೊತ್ತನ್ನು ಬಿಟ್ಟು ಸ್ಕ್ಯಾನ್ ಮಾಡಿದ ಹೊತ್ತನ್ನೇ ಹಿಡಿಯಬೇಕು ಎಂದು ಪ್ರತಿನಿಧಿಯ ಬೆನ್ನು ಹತ್ತಿ ಸರಿಮಾಡಿಸಿದೆ. ಇನ್ನೊಬ್ಬ ಗಾರ್ಡು ಪಳನಿಗೆ ಹೋಗಿ ಮುಡಿ ಕೊಟ್ಟು, ಮೀಸೆಯನ್ನೂ ಬೋಳಿಸಿಕೊಂಡು ಬಂದರು. ಯಂತ್ರ ಅವರನ್ನು ಗುರುತೇ ಹಿಡಿಯಲಿಲ್ಲ. "ಹೆಂಡ್ತಿಯೇ ಗುರುತು ಹಿಡಿದಳು, ಇದಕ್ಕೇನು ಬಂತು?" ಎಂದು ಅವರು ಗೇಟಿನಲ್ಲಿ ಕೂಗಾಡಿದರಂತೆ. ಹೊಸ ಮುಖವನ್ನು ನೋಂದಾಯಿಸಿದೆ, ಮೀಸೆ ಬೆಳೆದ ಮೇಲೆ ಇನ್ನೊಮ್ಮೆ ನೋಂದಾಯಿಸಿದೆ.

ಪ್ರತಿನಿಧಿ ದಾವಣಗೆರೆ ಕಡೆಯವರು, ಪೀಳಮೇಡಿನಲ್ಲೇ ಅವರ ಆಫೀಸು. ನಾನು ಕನ್ನಡ ಮಾತಾಡಿದ ಮೊದಲ ದಿನ ಅವರಿಗೆ ನಗು ತಡೆಯಲಾಗಲಿಲ್ಲ.

"ಮೇಡಂ, ನಿಮ್ಮ ಕನ್ನಡ ಒಂಥರಾ ಇದೆ."

"ಒಂಥರಾ ಅಲ್ಲ, ಹಳೇದು. ನಮ್ಮೋರು ಈ ಊರಿಗೆ ಬಂದಾಗ ನಿಮ್ಮ ಕಂಪನಿ ಹುಟ್ಟಿರ್ಲಿಲ್ಲ," ಎಂದೆ. ಅವರು ಮತ್ತೆ ನಗಲಿಲ್ಲ. ಮನೆಯಲ್ಲಿ ಕನ್ನಡ, ಹೊರಗೆ ತಮಿಳು, ಇದು ನಮ್ಮ ಪದ್ಧತಿ. ಮಾಲೀಕರೂ ಬನಿಯನ್ ಕಂಪನಿಯ ಮ್ಯಾನೇಜರೂ ನನ್ನೊಡನೆ ಆಡಿದ್ದೆಲ್ಲ ತಮಿಳು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಆ ಬನಿಯನ್ ಕಂಪನಿ ತಿರುಪ್ಪೂರು ಜಿಲ್ಲೆಯಲ್ಲಿ, ಕುನ್ನತ್ತೂರಿನ ಪಕ್ಕದಲ್ಲಿದೆ. ಬಟ್ಟೆ ಹೊಲಿದು ಹೊರದೇಶಕ್ಕೆ ಕಳಿಸುವ ದೊಡ್ಡ ಕಾರ್ಖಾನೆ. ಅಲ್ಲಿನ ಗೇಟಿನ ಮುಖ್ಯ ಗಾರ್ಡು ಒಬ್ಬ ಹೆಂಗಸು. ಕುನ್ನತ್ತೂರಿನವರೇ, ಕನ್ನಡ ಮಾತಾಡುವ ಬೇಸಾಯದ ಮನೆಯವರು. ನನಗಿಂತ ಹಿರಿಯರು. ನಾಲ್ಕು ಜನರೆದುರು ನನ್ನನ್ನು ಮೇಡಂ ಎನ್ನುವರು, ಇಬ್ಬರೇ ಇದ್ದಾಗ ಅಮ್ಮಿಣಿ, ನಮ್ಮ ಕಡೆ ಕಿರಿಯ ಹೆಣ್ಣನ್ನು ಅಕ್ಕರೆಯಿಂದ ಕರೆಯುವ ಮಾತು. ನಾನು ಅಕ್ಕಾ ಎನ್ನುತ್ತೇನೆ. ಬಾಯಿ ಜೋರು, ಲಾರಿ ಡ್ರೈವರುಗಳು ಅವರ ಗೇಟಿನಲ್ಲಿ ಹಾರ್ನ್ ಹೊಡೆಯಲು ಹೆದರುತ್ತಾರೆ. ಗಂಡಸರ ಜಾಗ ಎಂದು ಎಲ್ಲರೂ ಹೇಳುತ್ತಿದ್ದ ಆ ಮುಖ್ಯ ಗಾರ್ಡಿನ ಹುದ್ದೆಗೆ ಅವರು ಜಗಳವಾಡಿಯೇ ಬಂದವರು.

ಚೀಟಿ ಅಂಟಿಸಲು ಹೋದ ದಿನ ಅವರು ಕೇಳಿದರು: "ಅದೇನೋ ಕ್ಲೌಡ್ ಅಂತಾರಲ್ಲ ಅಮ್ಮಿಣಿ, ಅದು ಎಲ್ಲಿ ಐತೆ?"

"ಇಲ್ಲಿಲ್ಲ ಅಕ್ಕಾ, ಎಲ್ಲೋ ದೂರದಲ್ಲಿ."

"ಅಂಗಾದ್ರೆ ಇಂಗೆ ಏನೈತೆ?"

ಬಿಸಿಲಿನಲ್ಲಿ ಏಣಿ ಹತ್ತಿ ಇಳಿದು ನನಗೆ ಸಾಕಾಗಿತ್ತು. "ಇಲ್ಲಿರೋದು ಈ ಫೋನು, ಈ ಚೀಟಿ. ಇನ್ಮೇಲೆ ಇದೇ ನಿಮ್ಮ ಯಂತ್ರ ಅಂತ ತಿಳ್ಕೊಳ್ಳಿ. ಜೋಪಾನ," ಎಂದೆ.

"ಆಮಾ, ಸರಿ," ಎಂದರು. ನಾನು ಆ ಮಾತನ್ನು ಅಲ್ಲೇ ಮರೆತೆ.

ಆಯುಧ ಪೂಜೆ ಬಂತು. ನಮ್ಮ ಕಡೆ ಇದು ಎಂಥ ಹಬ್ಬ ಎಂದು ಕಾರ್ಖಾನೆಗಳ ನಡುವೆ ಬದುಕಿದವರಿಗೆ ಗೊತ್ತು. ಯಂತ್ರಗಳನ್ನೆಲ್ಲ ತೊಳೆದು ಒರೆಸಿ, ಗಂಧ ಹಚ್ಚಿ ಕುಂಕುಮ ಇಟ್ಟು, ಗೇಟಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಎಲ್ಲರಿಗೂ ಪುರಿ, ಕಡಲೆ ಹಂಚಿ, ಕಾರ್ಖಾನೆ ಮುಚ್ಚುತ್ತಾರೆ. ಪೂಜೆಗೆ ಇಟ್ಟ ಸಾಮಾನನ್ನು ಮಾರನೆಯ ದಿನ, ವಿಜಯದಶಮಿಯ ಬೆಳಗ್ಗೆ ಮತ್ತೆ ಪೂಜೆ ಮಾಡಿದ ಮೇಲೆಯೇ ಮುಟ್ಟುವುದು. ನಮ್ಮ ಆಫೀಸಿನಲ್ಲೂ ಕಂಪ್ಯೂಟರುಗಳಿಗೆಲ್ಲ ಕುಂಕುಮ ಇಟ್ಟು, ಮಂಗಳಾರತಿ ಮಾಡಿ, ಫೋನಿನ ಹತ್ತಿರ ಒಬ್ಬರನ್ನು ಕೂರಿಸಿ ಮನೆಗೆ ಹೋದೆವು. ಫೋನು ಒಮ್ಮೆಯೂ ರಿಂಗಾಗಲಿಲ್ಲವಂತೆ.

ವಿಜಯದಶಮಿಯ ಬೆಳಗ್ಗೆ ಮತ್ತೆ ಪೂಜೆ ಮಾಡಿ ಕಂಪ್ಯೂಟರ್ ತೆರೆದರೆ ಪರದೆಯೆಲ್ಲ ಕೆಂಪು. ಒಂದೆರಡು ಜಾಗವಲ್ಲ, ಹೆಚ್ಚುಕಮ್ಮಿ ಎಲ್ಲ ಕಡೆಯೂ. ಸರ್ವರ್ ಕೆಟ್ಟಿದೆ ಎಂದುಕೊಂಡು ಮೊದಲು ಒಂದು ಮಿಲ್ಲಿನ ಗೇಟಿಗೆ ಫೋನ್ ಮಾಡಿದೆ. "ಚೀಟಿಗೆ ಕುಂಕುಮದ ಪೊಟ್ಟು ಇಟ್ಟಿದೀವಿ ಮೇಡಂ, ನಿನ್ನೆಯಿಂದ ಅದು ಹಿಡಿತಾ ಇಲ್ಲ," ಎಂದು ಅಲ್ಲಿನ ಗಾರ್ಡು ಏನೂ ಆಗಿಲ್ಲವೆಂಬಂತೆ ಹೇಳಿದರು. ಇನ್ನೊಂದು ಗೇಟಿನಲ್ಲೂ ಅದೇ ಕಥೆ. ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ. ಗಾರ್ಡುಗಳು ತಮ್ಮ ಯಂತ್ರಕ್ಕೆ ಪೂಜೆ ಮಾಡಿದ್ದರು.

ಪ್ರತಿನಿಧಿಗೆ ಫೋನ್ ಮಾಡಿದೆ. ಕ್ಯೂಆರ್ ಚೀಟಿಯ ಮೂರು ಮೂಲೆಯಲ್ಲಿ ಮೂರು ದಪ್ಪ ಚೌಕಗಳಿರುತ್ತವಲ್ಲ, ಅವುಗಳಿಂದಲೇ ಕ್ಯಾಮೆರಾ ಚೀಟಿಯನ್ನು ಗುರುತಿಸುವುದಂತೆ. ಬೇರೆ ಕಡೆ ಸ್ವಲ್ಪ ಕೊಳೆಯಾದರೂ ನಡೆಯುತ್ತದೆ, ಆ ಚೌಕಗಳು ಮುಚ್ಚಿದರೆ ನಡೆಯದು. ನಮ್ಮವರು ಇಟ್ಟಿದ್ದು ಸರಿಯಾಗಿ ಅಲ್ಲೇ. ಚೌಕ ನೋಡಿದರೆ ಯಾರಿಗಾದರೂ ಬೊಟ್ಟಿಗೆಂದೇ ಬಿಟ್ಟ ಜಾಗ ಎನ್ನಿಸುತ್ತದೆ, ಅದರಲ್ಲಿ ತಪ್ಪೇನು?

ಬೇರೆ ಕಡೆಯ ಗಿರಾಕಿಗಳು ಕೇಳಿ ನಕ್ಕು ಸುಮ್ಮನಾದರು. ಕುನ್ನತ್ತೂರಿನ ಮ್ಯಾನೇಜರು ನಗಲಿಲ್ಲ. ಮಾಲೀಕರಿಗೇ ನೇರ ಫೋನ್ ಮಾಡಿದರು. ಕಳಿಸಲು ಸಿದ್ಧವಾದ ಮಾಲು ಗೋದಾಮಿನಲ್ಲಿರುವಾಗ, ಕಾರ್ಖಾನೆ ಮುಚ್ಚಿರುವಾಗ ಮಧ್ಯಾಹ್ನದಿಂದ ಬೆಳಗಿನವರೆಗೆ ಒಂದು ಸುತ್ತೂ ಇಲ್ಲ, ಆ ಹೆಂಗಸನ್ನು ಇವತ್ತೇ ತೆಗೆಯಿರಿ, ಇಲ್ಲವೇ ನೀವೇ ಹೊರಡಿ ಎಂದರಂತೆ.

ಮಾಲೀಕರು ನನ್ನನ್ನು ಕರೆದರು. "ಆಕೆಯ ಹೆಸರಿಗೆ ನಿರ್ಲಕ್ಷ್ಯ ಅಂತ ಹಾಕಿ ಬೇರೆಯವರನ್ನ ಕಳಿಸು. ಕಾಂಟ್ರಾಕ್ಟು ಉಳಿಯುತ್ತೆ."

"ನಿರ್ಲಕ್ಷ್ಯ ಅಂತ ಹಾಕಿದರೆ ಆ ಕಂಪನಿಯ ಯಾವ ಕಾರ್ಖಾನೆಯಲ್ಲೂ ಅವರಿಗೆ ಮತ್ತೆ ಡ್ಯೂಟಿ ಕೊಡೋ ಹಾಗಿಲ್ಲ ಸಾರ್. ಕುನ್ನತ್ತೂರಿನ ಸುತ್ತ ನಮಗೆ ಬೇರೆ ಜಾಗ ಇಲ್ಲ. ಕೆಲಸವೇ ಹೋದಂತೆ."

"ಒಬ್ಬರ ಕೆಲಸ. ನಿಂಗೆ ಅರ್ಥ ಆಗುತ್ತೆ."

ಅರ್ಥ ಆಗಿತ್ತು. ಅದಕ್ಕೇ ಮೈ ಉರಿಯಿತು. "ನಾನು ಹೋಗಿ ನೋಡಿ ಬರ್ತೀನಿ. ಅಲ್ಲಿವರೆಗೂ ಯಾರೂ ಏನೂ ಒತ್ತಬಾರದು," ಎಂದು ಹೇಳಿ, ಉತ್ತರಕ್ಕೆ ಕಾಯದೆ ವ್ಯಾನ್ ಹತ್ತಿದೆ. ದಾರಿಯಲ್ಲೇ ಪ್ರತಿನಿಧಿಯನ್ನೂ ಅವರ ಆಫೀಸಿನಿಂದ ಹತ್ತಿಸಿಕೊಂಡೆ. ಹಬ್ಬದ ದಿನ ಪಾಪ ಅವರಿಗೆ ಇದು ಬೇಡವಾಗಿತ್ತು.

ಅವಿನಾಶಿ ರಸ್ತೆಯುದ್ದಕ್ಕೂ ನಾವಿಬ್ಬರೂ ಜಗಳವಾಡಿದೆವು. ಕಾರಣಗಳ ಪಟ್ಟಿಯಲ್ಲಿ ಇದ್ದದ್ದು ಕಾಯಿಲೆ, ರಜೆ, ಉಪಕರಣ ದೋಷ, ನಿರ್ಲಕ್ಷ್ಯ.

"ಉಪಕರಣ ದೋಷ ಅಂತ ಹಾಕ್ತೀನಿ," ಎಂದೆ.

"ಅದು ನಮ್ಮ ಮೇಲೆ ಬರುತ್ತೆ ಮೇಡಂ. ಫೋನ್ ಸರಿ ಇದೆ, ಸಾಫ್ಟ್‌ವೇರ್ ಸರಿ ಇದೆ. ನಮ್ಮ ಮೇಲಿನವರು ಒಪ್ಪಲ್ಲ. ನಿರ್ಲಕ್ಷ್ಯ ಹಾಕ್ಬಿಡಿ, ಒಂದೇ ಕ್ಲಿಕ್ಕು."

"ಆಮೇಲೆ ತೆಗೀಬಹುದಾ?"

"ತೆಗೆಯೋಕಾಗಲ್ಲ. ಒಂದ್ಸಲ ಸೇವ್ ಆದ್ರೆ ದಾಖಲೆ ಹಾಗೇ ಇರುತ್ತೆ. ಅದಕ್ಕೇ ತಾನೆ ಜನ ನಮ್ಮನ್ನ ನಂಬೋದು."

"ಅದಕ್ಕೇ ನಾನು ಒತ್ತಲ್ಲ," ಎಂದೆ.

ಗೇಟಿನಲ್ಲಿ ಮುಖ್ಯ ಗಾರ್ಡು ನಿಂತಿದ್ದರು. ಇಸ್ತ್ರಿ ಮಾಡಿದ ಸಮವಸ್ತ್ರ, ಹಣೆಯ ಮೇಲೆ ವಿಭೂತಿ, ನಡುವೆ ಗಂಧ, ಅದರ ಮೇಲೆ ದೊಡ್ಡ ಕುಂಕುಮ. ಬೆಳಗ್ಗೆಯೇ ಮ್ಯಾನೇಜರ ಪರದೆಯಲ್ಲಿ ಅವರ ಹೆಸರಿನ ಮುಂದೆ 'ತಡೆಹಿಡಿಯಲಾಗಿದೆ' ಎಂದು ಬಂದಿತ್ತು, ಅದನ್ನು ಅವರಿಗೆ ಹೇಳಿಯೂ ಆಗಿತ್ತು. ಹಾಜರಿ ಬೀಳುವುದಿಲ್ಲ ಎಂದು ಗೊತ್ತಿದ್ದರೂ ಗೇಟು ಬಿಟ್ಟು ಹೋಗಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದರು.

"ನಾನೇನು ಕದ್ದಿದೀನಾ ಅಮ್ಮಿಣಿ? ನೀ ತಾನೆ ಇದೇ ಯಂತ್ರ ಅಂದೆ? ಆ ಕ್ಲೌಡಿಗೆ ಇಡಾನ ಅಂದ್ರೆ ಅದು ಕೈಗೆ ಎಟುಕ್ತದಾ? ಕೈಗೆ ಎಟುಕಿದ್ದಕ್ಕೆ ಇಟ್ಟೆ."

"ಸ್ಕ್ಯಾನ್ ಆಗಲ್ಲ ಅಂತ ಗೊತ್ತಾದ ಮೇಲೆ ಒರೆಸಬಹುದಿತ್ತಲ್ಲ ಅಕ್ಕಾ?"

"ಪೂಜೆಗೆ ಇಟ್ಟ ಪೊಟ್ಟನ್ನ ಅವತ್ತೇ ಒರೆಸ್ತಾರಾ? ನಿಮ್ಮನೇಲಿ ಒರೆಸ್ತೀರಾ?"

ನಮ್ಮನೆಯಲ್ಲೂ ಒರೆಸುವುದಿಲ್ಲ. "ಮತ್ತೆ ಫೋನು?"

"ಅದನ್ನೂ ಪೂಜೇಲಿ ಇಟ್ಟೆ. ಕತ್ತಲಾಗ್ತಲೇ ಟಾರ್ಚು ಮಾತ್ರ ಸಾಮಿಯ ಕೇಳಿ ತಕ್ಕೊಂಡೊ. ಟಾರ್ಚು ಇಲ್ದೆ ಹಾವು ಕಾಣಲ್ಲ. ಫೋನು ಇಲ್ದೆ ಏನು ಕಾಣಲ್ಲ, ಹೇಳು? ಸಾಮಾನಿಗೆ ರಜ ಕೊಟ್ಟೊ, ಕಾಲಿಗೆ ಕೊಡಲಿಲ್ಲ. ಸುತ್ತು ನಡೆದಿದೀವಿ, ಒಂದೂ ಬಿಟ್ಟಿಲ್ಲ."

ಆ ಮಾತಿಗೆ ಸಾಕ್ಷಿಯೇನೂ ಇರಲಿಲ್ಲ. ಅವರ ಮುಖ ನೋಡಿದೆ. ನನಗೆ ನಂಬಿಕೆ ಬಂತು. ನಂಬಿದ ಮೇಲೆ ಅರ್ಧ ನಂಬುವುದು ನನ್ನ ಜಾಯಮಾನವಲ್ಲ.

ಒಳಗೆ ಮ್ಯಾನೇಜರು ಕೂರಿ ಎನ್ನಲಿಲ್ಲ. ಕೆಂಪು ಪರದೆಯನ್ನು ನನ್ನ ಕಡೆ ತಿರುಗಿಸಿದರು. "ನೋಡಿ, ಒಂದು ಸುತ್ತೂ ಇಲ್ಲ. ಇದಕ್ಕೇನಂತೀರಿ? ನಿರ್ಲಕ್ಷ್ಯ ಅಂತ ಒತ್ತಿ ಮುಗಿಸಿಬಿಡಿ."

"ಬನ್ನಿ ಸಾರ್, ಸುತ್ತು ಹೊಡೆಯೋಣ," ಎಂದೆ.

ಅವರಿಗೆ ಇಷ್ಟವಿರಲಿಲ್ಲ, ಆದರೂ ಎದ್ದರು. ಗೇಟಿನಿಂದ ಗೋದಾಮು, ಗೋದಾಮಿನಿಂದ ಕಟಿಂಗ್ ವಿಭಾಗ, ಅಲ್ಲಿಂದ ಬಾಯ್ಲರ್ ಮನೆ. ಒಂದೊಂದು ಚೀಟಿಯ ಮುಂದೂ ನಿಂತೆವು. ಒಂದೊಂದರ ಮೂರು ಚೌಕಕ್ಕೂ ಗಂಧ, ಕುಂಕುಮ. ಪ್ರತಿನಿಧಿ ಹಿಂದಿನಿಂದ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದರು. ಬಾಯ್ಲರ್ ಮನೆಯ ಹಿಂದೆ, ಬಣ್ಣದ ನೀರಿನ ತೊಟ್ಟಿಗಳನ್ನು ದಾಟಿ, ಕಾಂಪೌಂಡಿನ ಕೊನೆಯ ಮೂಲೆಯಲ್ಲಿ ಒಂದು ಚೀಟಿಯಿದೆ. ಅಲ್ಲಿಗೆ ಹೋಗಲು ಸೀಮೆಜಾಲಿಯ ಮುಳ್ಳು ಸರಿಸಬೇಕು. ಮ್ಯಾನೇಜರ ಷರ್ಟಿನ ತೋಳು ಸಿಕ್ಕಿಕೊಂಡಿತು.

"ಇಲ್ಲೊಂದು ಜಾಗ ಇದೆಯಾ?" ಎಂದು ಅವರು ಬಾಯಿ ತಪ್ಪಿ ಕೇಳಿಬಿಟ್ಟರು.

ಆ ಚೀಟಿಗೂ ಕುಂಕುಮ ಇತ್ತು. ಮೇಲೊಂದು ಸಂಪಿಗೆಯನ್ನು ಅಂಟುಪಟ್ಟಿ ಹಾಕಿ ಅಂಟಿಸಿದ್ದರು. ಕೆಳಗೆ ನೆಲದಲ್ಲಿ ಕುಂಕುಮ ಅದ್ದಿದ ನಿಂಬೆಹೋಳು.

"ಡ್ಯೂಟಿಯ ಮೇಲೆ ನಿರ್ಲಕ್ಷ್ಯ ಇರೋರು ಇಲ್ಲಿಗೆ ಬಂದು ಹೂ ಅಂಟಿಸ್ತಾರಾ ಸಾರ್?"

ಅವರು ತೋಳಿನ ಮುಳ್ಳು ಬಿಡಿಸಿಕೊಂಡರು. ಆಮೇಲೆ ಚುರುಕಾಗಿಯೇ ಹೇಳಿದರು: "ಇದು ನಿನ್ನೆ ಮಧ್ಯಾಹ್ನ ಇಟ್ಟಿದ್ದು. ಆಮೇಲೆ ನಡೆದರು ಅಂತ ಏನು ಗ್ಯಾರಂಟಿ?"

ಸರಿಯಾದ ಪ್ರಶ್ನೆ. ಎಲ್ಲ ಅಲ್ಲಿಗೆ ಮುಗಿಯಿತು ಎಂದು ಪ್ರತಿನಿಧಿ ಫೋನನ್ನು ಜೇಬಿಗೆ ಹಾಕಿಕೊಂಡರು. ಒತ್ತಿಬಿಟ್ಟಿದ್ದರೆ ನಾನೂ ಇಷ್ಟು ಹೊತ್ತಿಗೆ ಹಬ್ಬದೂಟಕ್ಕೆ ಮನೆಯಲ್ಲಿರುತ್ತಿದ್ದೆ.

"ಗ್ಯಾರಂಟಿ ನಾನು," ಎಂದೆ. "ತಡೆ ತೆಗೆಯೋದು ನನ್ನ ಹೆಸರಿನಲ್ಲಿ. ಗೋದಾಮಿನ ಬಾಗಿಲುಗಳಿಗೆ ನೀವೇ ಹಾಕಿಸಿದ ಸೀಲು ನೋಡಿ. ಒಂದು ಸೀಲು ಹೆಚ್ಚುಕಮ್ಮಿ ಆಗಿದ್ರೂ ಅವರಿಗೆ ಮುಂಚೆ ನಾನು ಕೆಲಸ ಬಿಡ್ತೀನಿ. ಬರೆದು ಕೊಡ್ಲಾ?"

ಧೈರ್ಯವಾಗಿ ಹೇಳಿದೆ, ಆದರೆ ಗೋದಾಮಿನ ಬಾಗಿಲಿಗೆ ನಡೆಯುವಾಗ ಮ್ಯಾನೇಜರಿಗಿಂತ ಎರಡು ಹೆಜ್ಜೆ ಹಿಂದೆಯೇ ಉಳಿದೆ. ಮ್ಯಾನೇಜರು ಒಂದೊಂದು ಸೀಲನ್ನೂ ಕೈಯಲ್ಲಿ ಹಿಡಿದು, ತಿರುಗಿಸಿ, ಎಳೆದು ನೋಡಿದರು. ಹಿಂದಿನ ಬಾಗಿಲಿಗೂ ಹೋಗಿ ನೋಡಿದರು. ಎಲ್ಲ ಹೇಗಿತ್ತೋ ಹಾಗೇ ಇತ್ತು.

ಅವರ ಕೋಣೆಗೆ ಮರಳಿದೆವು. ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಅವರ ಕಂಪ್ಯೂಟರಿನ ಚೌಕಟ್ಟಿನ ಮೇಲೆ ಗಂಧದ ಬೊಟ್ಟು, ಅದರ ನಡುವೆ ಕುಂಕುಮ. ಕೀಬೋರ್ಡಿನ ಸಂದಿನಲ್ಲಿ ಅಕ್ಷತೆ.

"ನಿನ್ನೆ ಮಧ್ಯಾಹ್ನದಿಂದ ಪ್ರತಿ ಸುತ್ತಿಗೂ ಇಲ್ಲಿಗೆ ಎಚ್ಚರಿಕೆ ಬಂದಿರುತ್ತೆ ಸಾರ್. ನೀವು ನೋಡಲಿಲ್ವಾ?"

"ನಿನ್ನೆ ಹೇಗೆ ನೋಡೋದು? ಪೂಜೆಗೆ ಇಟ್ಟಿದ್ದು..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ನಮ್ಮ ಆಫೀಸಿನದ್ದೂ ಪೂಜೆಗೇ ಇತ್ತು. ನಾನೂ ನೋಡಲಿಲ್ಲ. ಈಗ ನಿಮ್ಮ ಹೆಸರಿನ ಮುಂದೆ ಏನು ಒತ್ತಲಿ, ನನ್ನ ಹೆಸರಿನ ಮುಂದೆ ಏನು ಒತ್ತಲಿ, ಹೇಳಿ."

ಪ್ರತಿನಿಧಿ ಕೆಮ್ಮಿದರು. ಅವರ ಲ್ಯಾಪ್‌ಟಾಪಿನ ಮೇಲೂ ಬೊಟ್ಟು ಇದ್ದದ್ದನ್ನು ವ್ಯಾನಿನಲ್ಲೇ ನೋಡಿದ್ದೆ, ಅದಕ್ಕೆ ಅವರ ಕಡೆ ತಿರುಗಲಿಲ್ಲ.

ಮ್ಯಾನೇಜರು ಪರದೆಯನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು. ಕ್ಷಮೆ ಕೇಳುವ ಜಾತಿಯಲ್ಲ ಅವರು, ನಾನೂ ಅದಕ್ಕೆ ಬಂದಿರಲಿಲ್ಲ. "ಬರುವ ವರ್ಷ ಹೀಗಾಗಬಾರದು," ಎಂದರು ಕೊನೆಗೆ.

"ಬರುವ ವರ್ಷವೂ ಆಗುತ್ತೆ ಸಾರ್. ಹಬ್ಬ ನಿಲ್ಲೋದಿಲ್ಲ. ಅವತ್ತಿಗೆ ಬೇರೆ ಏರ್ಪಾಡು ಮಾಡ್ಕೊಳ್ಳೋಣ, ಒಂದು ಫೋನನ್ನ ಪೂಜೆಯಿಂದ ಹೊರಗಿಡೋಣ. ಆದರೆ ಇಟ್ಟ ಕುಂಕುಮಕ್ಕೆ ನಿರ್ಲಕ್ಷ್ಯ ಅನ್ನೋ ಹೆಸರನ್ನ ನಾನಿರೋ ತನಕ ಹಾಕಲ್ಲ."

ಅವರು ತಲೆಯಾಡಿಸಿದರು. ಹೂಂ ಎಂದಲ್ಲ, ಹೋಗಿ ಎಂಬಂತೆ. ನನಗೆ ಅಷ್ಟು ಸಾಕಾಗಿತ್ತು. ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. "ನಿನ್ನ ಹೆಸರು ಹಾಕಿದ್ಯಾ? ನನ್ನ ಕೇಳದೆ?" ಎಂದು ರೇಗಿದರು. ಕೇಳಿದ್ದರೆ ಬೇಡ ಅಂತಿದ್ದಿರಿ ಸಾರ್, ಎಂದೆ. ಫೋನ್ ಇಟ್ಟರು.

ಗೇಟಿನ ಪಕ್ಕದ ಬೆಂಚಿನ ಮೇಲೆ ಪ್ರತಿನಿಧಿ ಲ್ಯಾಪ್‌ಟಾಪ್ ತೆರೆದರು. ಕಾರಣಗಳ ಪಟ್ಟಿಗೆ ಹೊಸದನ್ನು ಸೇರಿಸುವ ಅಧಿಕಾರ ಅವರ ಕೈಯಲ್ಲಿತ್ತು, ಬೆಳಗಿನಿಂದ ಅದರ ಬಗ್ಗೆ ಬಾಯಿಬಿಟ್ಟಿರಲಿಲ್ಲ ಅಷ್ಟೆ. "ನಮ್ಮ ಮೇಲಿನವರು ಕೇಳಿದ್ರೆ ಏನ್ ಹೇಳ್ಲಿ ಮೇಡಂ?" ಎಂದರು.

"ನಿಮ್ಮ ಲ್ಯಾಪ್‌ಟಾಪ್ ತೋರಿಸಿ."

ನಕ್ಕರು. ಕಾಯಿಲೆ, ರಜೆ, ಉಪಕರಣ ದೋಷ, ನಿರ್ಲಕ್ಷ್ಯ, ಇವುಗಳ ಕೆಳಗೆ 'ಆಯುಧ ಪೂಜೆ' ಎಂದು ಹೊಸ ಸಾಲು ಬಂತು. ಅಲ್ಲಿಯೇ ನಿಂತು ಮೊದಲು ಮುಖ್ಯ ಗಾರ್ಡಿನ ಹೆಸರಿಗೆ, ಆಮೇಲೆ ಆ ಗೇಟಿನ ಉಳಿದವರಿಗೆ, ಕೆಂಪಾಗಿದ್ದ ಎಲ್ಲ ಕಡೆಯ ಎಲ್ಲರಿಗೂ ಅದನ್ನೇ ಒತ್ತಿದೆ. ತಡೆ ತೆಗೆದವರು ಯಾರು ಎಂಬಲ್ಲಿ ಪ್ರತಿ ಸಲವೂ ನನ್ನ ಹೆಸರು ಬಿತ್ತು. ಅಳಿಸಲಾಗದ ದಾಖಲೆ ಅಂದಿದ್ದರಲ್ಲ, ಅಳಿಸದೇ ಇರಲಿ.

ಅಷ್ಟರಲ್ಲಿ ಮುಖ್ಯ ಗಾರ್ಡು ವಿಜಯದಶಮಿಯ ಪೂಜೆ ಮುಗಿಸಿ ಗೇಟಿನ ಫೋನನ್ನು ತಂದರು. ಒದ್ದೆ ಬಟ್ಟೆಯಲ್ಲಿ ಅದರ ಬೆನ್ನಿನ ಕುಂಕುಮ ಒರೆಸಿ, ಕಣ್ಣಿಗೊತ್ತಿಕೊಂಡು, ಹಾಜರಿಗೆ ಮುಖದ ಮುಂದೆ ಹಿಡಿದರು. ಯಂತ್ರ ಒಪ್ಪಲಿಲ್ಲ. ಇನ್ನೊಮ್ಮೆ ಹಿಡಿದರು, ಆಗಲೂ ಇಲ್ಲ.

"ಹಣೆ ಪೂರ್ತಿ ಮುಚ್ಚಿದೆ, ಅದಕ್ಕೇ. ಸ್ವಲ್ಪ ಒರೆಸಿಕೊಳ್ಳೋಕೆ ಹೇಳಿ ಮೇಡಂ," ಎಂದರು ಪ್ರತಿನಿಧಿ.

ನಾನು ಹೇಳಲಿಲ್ಲ. ಅಕ್ಕ ಕೇಳಿಸಿಕೊಂಡಿದ್ದರು. ಟೋಪಿಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಫೋನನ್ನು ಇನ್ನೂ ಹತ್ತಿರಕ್ಕೆ ತಂದು, ಗೇಟಿನಲ್ಲಿ ಲಾರಿ ತಡೆಯುವಾಗ ಡ್ರೈವರನ್ನು ನೋಡುವ ಹಾಗೆಯೇ ಅದನ್ನು ನೋಡುತ್ತ ನಿಂತರು.

"ನಾನು ನಾನೇ," ಎಂದರು ಅದಕ್ಕೆ. "ನಿಧಾನಕ್ಕೆ ನೋಡು. ನಾನೇನು ಎಲ್ಲಿಗೂ ಹೋಗಲ್ಲ."

ಪರದೆಯ ಮೇಲಿನ ಚಕ್ರ ಸುತ್ತಿತು, ಸುತ್ತಿತು, ಹಸಿರಾಯಿತು.